ಅರವತ್ತು ಕಿಲೋಮೀಟರಿನ ಕೈಗುಣ

ನನ್ನ ಹೆಸರು ಅನಸೂಯ. ಅಸೂಯೆ ಇಲ್ಲದವಳು ಎಂದು ಅರ್ಥವಂತೆ. ಹೆಸರಿಟ್ಟ ಸೋದರತ್ತೆ ಈಗಿಲ್ಲ. ಇದ್ದಿದ್ದರೆ ಕೂರಿಸಿಕೊಂಡು ಒಂದು ಮಾತು ಕೇಳುತ್ತಿದ್ದೆ. ನಲವತ್ತೆಂಟನೇ ವಯಸ್ಸಿನಲ್ಲಿ, ದಾವಣಗೆರೆಯ ಕಂಟ್ರೋಲ್ ರೂಮಿನಲ್ಲಿ ಕೂತು, ನಾನು ಒಂದು ಬ್ಯಾಟರಿ ಡಬ್ಬಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಹೆಂಗಸಿನ ಮೇಲೆ ಪಟ್ಟಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತು. ಹೆಂಗಸು ಆಮೇಲೆ ಬಂದಳು, ಮೊದಲು ಬಂದಿದ್ದು ಡಬ್ಬಿಯೇ.

ಡಬ್ಬಿ ಎಂದರೆ ಆಟೊದ ಸೀಟಿನ ಕೆಳಗೆ ಕೂರುವ ಬ್ಯಾಟರಿ. ಅಕ್ಕಿ ಡಬ್ಬದಷ್ಟು ಎತ್ತರ, ಮೇಲೊಂದು ಹಿಡಿ. ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರು ಓಡುತ್ತದೆ. ನಮ್ಮ ಊರಿನ ಯಾವ ಆಟೊದವರಿಗೂ ಈಗ ಸ್ವಂತ ಡಬ್ಬಿ ಇಲ್ಲ. ಊರಿನಲ್ಲಿ ಹನ್ನೊಂದು ಬದಲಿ ಕಟ್ಟೆಗಳಿವೆ. ಇಳಿದ ಡಬ್ಬಿಯನ್ನು ಕಟ್ಟೆಯ ಗೂಡಿನಲ್ಲಿಟ್ಟರೆ ಇನ್ನೊಂದು ಗೂಡಿನ ಬಾಗಿಲು ತೆರೆದುಕೊಳ್ಳುತ್ತದೆ, ಅದರಲ್ಲಿರುವ ತುಂಬಿದ ಡಬ್ಬಿ ಎತ್ತಿಕೊಂಡು ಹೋಗುವುದು. ಯಾವುದು ಮೊದಲು ತುಂಬಿತೋ ಅದರ ಬಾಗಿಲು ಮೊದಲು ತೆರೆಯುತ್ತದೆ. ಇವತ್ತು ನಿಮ್ಮ ಸೀಟಿನ ಕೆಳಗಿದ್ದದ್ದು ನಾಳೆ ಇನ್ಯಾರದೋ ಸೀಟಿನ ಕೆಳಗೆ. ಎರಡು ನಿಮಿಷದ ಕೆಲಸ.

ಹಿಂದೆ ಹೀಗಿರಲಿಲ್ಲ. ನನ್ನ ಮಾವ ಜಟಕಾ ಹೊಡೆದವರು, ಕುದುರೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿರುತ್ತಿತ್ತು. ನನ್ನ ಗಂಡ ಕೊಟ್ರೇಶಪ್ಪನವರು ಮೊದಲು ಡೀಸೆಲ್ ಆಟೊ ಓಡಿಸಿದರು, ಅದು ಬೀದಿಯಲ್ಲಿ ನಿಲ್ಲುತ್ತಿತ್ತು. ನಮ್ಮ ಮದುವೆಯಾದ ಮೂರನೇ ವರ್ಷ ಬ್ಯಾಟರಿ ಆಟೊ ತಂದರು. ಆಗಿನದು ಸೀಸ ಮತ್ತು ಆ್ಯಸಿಡ್ಡಿನ ಬ್ಯಾಟರಿ, ನಾಲ್ಕು, ಒಂದೊಂದೂ ರುಬ್ಬುವ ಗುಂಡಿನಂತೆ ಭಾರ. ಬೀದಿಯಲ್ಲಿ ಬಿಟ್ಟರೆ ಕದಿಯುತ್ತಾರೆಂದು ರಾತ್ರಿ ಮನೆಯೊಳಗೆ ತಂದು ಚಾರ್ಜಿಗೆ ಹಾಕುತ್ತಿದ್ದೆವು. ಇದ್ದದ್ದು ಒಂದೂವರೆ ಕೋಣೆ. ನಮ್ಮ ಮಂಚದ ಪಕ್ಕದಲ್ಲಿ ನಾಲ್ಕು ಬ್ಯಾಟರಿ ಒಂಬತ್ತು ಗಂಟೆ ಗುಂಯ್ ಎನ್ನುತ್ತಾ ಕೂರುತ್ತಿದ್ದವು. ಬೀದಿಯ ಹೆಂಗಸರು ನೀರು ಹಿಡಿಯುವಾಗ ನನ್ನನ್ನು ಕಾಡಿಸುತ್ತಿದ್ದರು, ಅನಸೂಯಾ, ನಿನ್ನ ಸವತಿಯರಿಗೆ ನೀರು ಹಾಕಿದೆಯಾ ಎಂದು.

ಹಾಕುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಮುಚ್ಚಳ ಬಿಚ್ಚಿ, ಗೆರೆ ನೋಡಿಕೊಂಡು ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದವಳು ನಾನೇ. ತಂತಿ ಸೇರುವ ಕಡೆ ಕಟ್ಟಿಕೊಂಡ ಹಸಿರು ಕಿಲುಬನ್ನು ಬಿಸಿನೀರು, ಹಳೆಯ ಬ್ರಶ್ಶಿನಿಂದ ಉಜ್ಜಿ ತೆಗೆದು ವ್ಯಾಸಲಿನ್ ಹಚ್ಚುತ್ತಿದ್ದೆ. ಆ್ಯಸಿಡ್ ಹಾರಿ ನನ್ನ ಮೂರು ಸೀರೆಗಳ ಅಂಚು ತೂತಾಗಿದೆ. ಸ್ಟ್ಯಾಂಡಿನಲ್ಲಿ ಬೇರೆಯವರ ಬ್ಯಾಟರಿ ಒಂದು ವರ್ಷಕ್ಕೆ ಸತ್ತರೆ ನಮ್ಮದು ಎರಡೂವರೆ ವರ್ಷ ಬಂತು. ನಮ್ಮಾಕಿ ಕೈಗುಣ ಎಂದು ಕೊಟ್ರೇಶಪ್ಪ ಎಲ್ಲರೆದುರು ಹೇಳಿಕೊಂಡು ತಿರುಗಿದರು. ಇಪ್ಪತ್ತು ವರ್ಷದ ಹಿಂದಿನ ಆ ಮಾತನ್ನು ನಾನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆಮೇಲೆ ನೀರು ಬೇಡದ ಲಿಥಿಯಂ ಬಂತು. ಅದರ ಹಿಂದೆಯೇ ಬದಲಿ ಕಟ್ಟೆಗಳು ಬಂದವು. ಬ್ಯಾಟರಿ ಮನೆಯಿಂದ ಹೊರಟುಹೋಯಿತು, ಮಂಚದ ಪಕ್ಕ ಜಾಗವಾಯಿತು, ಅಲ್ಲಿ ಹೊಲಿಗೆ ಮಷೀನು ಇಟ್ಟೆ. ಕಟ್ಟೆಗಳನ್ನು ನಡೆಸುವ ಕಂಪನಿಯವರು ಕಂಟ್ರೋಲ್ ರೂಮಿಗೆ ಜನ ಬೇಕೆಂದು ಚಾಲಕರ ಮನೆಯ ಹೆಂಗಸರನ್ನು ಕರೆದಾಗ ಪಿ.ಯು.ಸಿ. ಓದಿದ್ದ ನನಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಪಿ.ಬಿ. ರಸ್ತೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಗೋಡೆ ತುಂಬ ಊರಿನ ನಕ್ಷೆ. ಒಂದೊಂದು ಆಟೊ ಒಂದೊಂದು ಹಸಿರು ಚುಕ್ಕೆ. ಯಾವ ಡಬ್ಬಿ ಬಿಸಿಯಾಗಿದೆ, ಯಾವ ಕಟ್ಟೆಯಲ್ಲಿ ಸಾಲು ಬೆಳೆದಿದೆ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಅನುಮಾನ ಬಂದ ಡಬ್ಬಿಯನ್ನು ತಪಾಸಣೆಗೆ ಹಾಕುವ ಅಧಿಕಾರವೂ ಇತ್ತು. ಗುಂಡಿ ಒತ್ತಿದರೆ ಆ ಗೂಡು ಮೂರು ಗಂಟೆ ಯಾರಿಗೂ ತೆರೆಯುವುದಿಲ್ಲ.

ಹೋದ ವರ್ಷ ಹೊಸ ತಲೆಯ ಡಬ್ಬಿಗಳು ಬಂದವು. ನಮ್ಮ ಶಿಫ್ಟಿನ ಇಂಜಿನಿಯರ್ ಇನಾಯತುಲ್ಲಾ ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ವಿವರಿಸಿದರು. ಆಟೊದವರು ಹ್ಯಾಂಡಲ್ಲನ್ನು ಗಕ್ಕನೆ ತಿರುವಿದಾಗಲೆಲ್ಲ ಬ್ಯಾಟರಿಯಿಂದ ಕರೆಂಟು ಒಮ್ಮೆಗೇ ನುಗ್ಗುತ್ತದೆ, ಅದರಿಂದ ಆಯಸ್ಸು ಕಮ್ಮಿಯಾಗುತ್ತದೆ. ಹೊಸ ಡಬ್ಬಿಯ ತಲೆಯಲ್ಲಿರುವ ಚಿಪ್ ಹ್ಯಾಂಡಲ್ಲಿಗೂ ಮೋಟಾರಿಗೂ ನಡುವೆ ಕೂರುತ್ತದೆ. ಹಿಂದೆ ಓಡಿಸಿದವರ ಕೈ ಹೇಗಿತ್ತೆಂದು ಅದು ಕಲಿತಿರುತ್ತದೆ. ಹೊಸಬರು ಒರಟಾಗಿ ತಿರುವಿದರೂ ಹಿಂದಿನವರು ತಿರುವುತ್ತಿದ್ದ ಹಾಗೆ ತಿದ್ದಿ ಮೋಟಾರಿಗೆ ಕಳಿಸುತ್ತದೆ. ನನಗೆ ಇದು ತಲೆಗೆ ಹತ್ತಲಿಲ್ಲ.

"ಬೆಣ್ಣೆ ದೋಸೆ ಕಾವಲಿ ನೋಡಿದ್ದೀರಲ್ಲಮ್ಮ," ಎಂದರು ಇನಾಯತುಲ್ಲಾ. "ಒಳ್ಳೆ ಭಟ್ಟ ಪಳಗಿಸಿದ ಕಾವಲಿ ಮೇಲೆ ಹೊಸಬ ಹಿಟ್ಟು ಹುಯ್ದರೂ ಮೊದಲ ನಾಲ್ಕು ದೋಸೆ ಚೆನ್ನಾಗೇ ಏಳ್ತವೆ. ಐದನೆಯದರಿಂದ ಹೊಸಬನ ಕೈ. ಡಬ್ಬಿನೂ ಅಷ್ಟೇ. ಸುಮಾರು ಅರವತ್ತು ಕಿಲೋಮೀಟರು ಹಳೇ ಕೈ ಉಳಿದಿರ್ತದೆ. ಆಮೇಲೆ ಹೊಸ ಕೈ."

ಆಟೊದವರು ಅದಕ್ಕೆ ಒಂದೇ ವಾರದಲ್ಲಿ ಕೈಗುಣ ಎಂದು ಹೆಸರಿಟ್ಟರು. ಆ ಮಾತು ಕೇಳಿದಾಗಲೇ ನನಗೆ ಒಳಗೆಲ್ಲೋ ಚುರುಕ್ ಎಂದಿತ್ತು. ಯಾರ ಕೈಗುಣ ಚೆನ್ನಾಗಿದೆ ಎಂದು ಕಂಪನಿ ತಿಂಗಳಿಗೊಮ್ಮೆ ಕಟ್ಟೆಗಳಲ್ಲಿ ಹೆಸರು ಹಾಕುತ್ತಿತ್ತು. ಏಳು ತಿಂಗಳೂ ಒಂದೇ ಹೆಸರು, ಸಕ್ಕುಬಾಯಿ. ಊರ ಹೊರಗಿನ ತಾಂಡಾದವಳು, ಮೂವತ್ತೈದು ದಾಟಿಲ್ಲ, ಮೊದಲು ಗಾರ್ಮೆಂಟ್ಸಿನಲ್ಲಿದ್ದವಳು. ತಲೆಯ ಮೇಲೆ ಮೂರು ಕೊಡ ಹೊತ್ತು ಹನಿ ಚೆಲ್ಲದೆ ನಡೆದವಳು, ಆಟೊ ಯಾಕೆ ಕುಲುಕುತ್ತದೆ ಎಂದು ಗಂಡಸರು ಹೊಗಳುತ್ತಿದ್ದರು. ಅವಳಿಟ್ಟು ಹೋದ ಡಬ್ಬಿ ಸಿಕ್ಕಿದರೆ ಆ ದಿನ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆಯಂತೆ. ಸಿಕ್ಕವರು ಅದನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಕ್ಯಾಮೆರಾದಲ್ಲಿ ನಾನೇ ನೋಡಿದ್ದೇನೆ.

ಯುಗಾದಿ ಕಳೆದ ಮೇಲೆ ಒಂದು ದಿನ ನನ್ನ ಕಣ್ಣಿಗೆ ಬಿತ್ತು. ನನ್ನ ಗಂಡನ ಚುಕ್ಕೆ ಎಪ್ಪತ್ತಾರನೇ ನಂಬರು. ಅದು ಜಯದೇವ ಸರ್ಕಲ್ಲಿನ ಕಟ್ಟೆಯಲ್ಲಿ ಮಧ್ಯಾಹ್ನ ಹನ್ನೆರಡು ನಲವತ್ತರಿಂದ ನಲವತ್ತು ನಿಮಿಷ ನಿಂತಿತ್ತು. ಎರಡು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ. ಡಬ್ಬಿ ಇನ್ನೂ ಅರ್ಧ ತುಂಬಿರುವಾಗಲೇ ಬದಲಿಸಲು ಬಂದಿದ್ದರು. ಹಿಂದಿನ ದಿನಗಳನ್ನು ತೆಗೆದು ನೋಡಿದೆ. ದಿನಾ ಹಾಗೆಯೇ. ಐದಾರು ಜನರನ್ನು ತಮಗಿಂತ ಮುಂದೆ ಬಿಟ್ಟು, ಒಂದು ಡಬ್ಬಿ ತುಂಬುವವರೆಗೆ ಕಾದು, ಅದನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಪ್ರತಿದಿನವೂ ಆ ಡಬ್ಬಿ ಆಗಷ್ಟೇ ಸಕ್ಕುಬಾಯಿ ತಂದಿಟ್ಟದ್ದು.

ಕಟ್ಟೆಯಲ್ಲಿ ಎರಡು ಚುಕ್ಕೆ ಒಂದರ ಮೇಲೊಂದು ಕೂತಿದ್ದವು. ನಕ್ಷೆಯನ್ನು ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ. ಚುಕ್ಕೆಗಳು ಬೇರೆಯಾಗಲಿಲ್ಲ.

ಇದನ್ನು ಕಂಡು ಸುಮ್ಮನೆ ಮಲಗುವ ಹೆಂಗಸು ನಾನಲ್ಲ. ಮನೆಯಲ್ಲಿ ಲೆಕ್ಕ ಹಾಕತೊಡಗಿದೆ. ಎರಡು ತಿಂಗಳಿಂದ ಅವರು ಗುಂಡಿಯ ಅಂಗಿ ಬಿಟ್ಟು ಟೀ ಶರ್ಟು ಹಾಕುತ್ತಿದ್ದರು, ಐವತ್ತೆರಡನೇ ವಯಸ್ಸಿನಲ್ಲಿ. ರಾತ್ರಿ ಊಟಕ್ಕೆ ಕರೆದರೆ ಹೊರಗೆ ಆಯಿತು ಎನ್ನುತ್ತಿದ್ದರು. ನನ್ನೆದುರು ಕೂತು ಅನ್ನ ಸಾರು ಉಂಡು ಎಷ್ಟು ದಿನವಾಗಿತ್ತೋ. ಚಹಾ ಕೊಟ್ಟರೆ ಅಲ್ಲಿಡು ಎಂದು, ನಾನು ಒಳಗೆ ಹೋದ ಮೇಲೆ ಕುಡಿಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಶುಕ್ರವಾರದ ಮಲ್ಲಿಗೆ. ಮದುವೆಯಾದಾಗಿನಿಂದ ಶುಕ್ರವಾರ ಒಂದು ಮೊಳ ಮಲ್ಲಿಗೆ ತಂದು ನನ್ನ ಜಡೆಗೆ ತಾವೇ ಪಿನ್ನು ಹಾಕಿ ಮುಡಿಸುವುದು ಅವರ ಪದ್ಧತಿ. ಜಗಳವಾಡಿದ ಶುಕ್ರವಾರವೂ ಅದು ತಪ್ಪಿರಲಿಲ್ಲ. ಈಗ ಹೂವು ತರುತ್ತಿದ್ದರು, ತಂದು ಟಿ.ವಿ. ಮೇಲೆ ಇಟ್ಟು, ಮುಡ್ಕೋ ಎಂದು ಹೇಳಿ ಬಚ್ಚಲಿಗೆ ಹೋಗುತ್ತಿದ್ದರು. ಆ ಹೂವನ್ನು ನಾನು ಮುಡಿಯಲಿಲ್ಲ. ದೇವರ ಪಟಕ್ಕೆ ಹಾಕಿದೆ.

ಕಟ್ಟೆಯ ಕ್ಯಾಮೆರಾ ನೋಡಬಾರದೆಂದು ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ತೆರೆದೆ. ಇಬ್ಬರೂ ಕಟ್ಟೆಯ ಬೇವಿನ ಮರದ ಕೆಳಗೆ ಕೂತಿದ್ದರು. ಸಕ್ಕುಬಾಯಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು, ಅರ್ಧ ಲೋಟ. ಅದನ್ನು ಅವರಿಗೆ ಕೊಟ್ಟಳು. ಕೊಟ್ಟ ಮೇಲೂ ಕೈ ತೆಗೆಯಲಿಲ್ಲ. ಅವರು ಕುಡಿದು ಮುಗಿಸುವವರೆಗೂ ಆ ಲೋಟ ಇಬ್ಬರ ಕೈಯಲ್ಲೂ ಇತ್ತು.

ಸಿಟ್ಟು ಅವರಿಬ್ಬರ ಮೇಲಿದ್ದರೂ ಬೆರಳು ಹೋದದ್ದು ಡಬ್ಬಿಯ ಮೇಲೆ. ಸಕ್ಕುಬಾಯಿ ಆಗಷ್ಟೇ ಇಟ್ಟ ಡಬ್ಬಿಯ ನಂಬರು ಹುಡುಕಿ ತಪಾಸಣೆಗೆ ಹಾಕಿದೆ. ಕಾರಣ ಎಂಬಲ್ಲಿ ಬಿಸಿ ಎಂದು ಬರೆದೆ. ಅದು ತಣ್ಣಗೇ ಇತ್ತು. ನಲವತ್ತು ನಿಮಿಷ ಕಾದ ಮೇಲೆ ಅವರಿಗೆ ತೆರೆದದ್ದು ಬೇರೆ ಗೂಡು. ಕೊಟ್ರೇಶಪ್ಪ ಅದರೊಳಗಿನ ಡಬ್ಬಿಯನ್ನು ಕೆಳಗಿಟ್ಟು ಮುಚ್ಚಿದ ಗೂಡನ್ನೇ ನೋಡುತ್ತ ನಿಂತರು, ಸಕ್ಕುಬಾಯಿ ಗೂಡಿನ ಬಾಗಿಲು ತಟ್ಟಿ ನೋಡಿದಳು. ನನಗೆ ಅಂದು ಮಧ್ಯಾಹ್ನದ ಊಟ ರುಚಿಸಿತು.

ಒಂಬತ್ತು ದಿನ ಹಾಗೆ ಮಾಡಿದೆ. ಮಧ್ಯಾಹ್ನದ ಡಬ್ಬಿ, ಸಂಜೆಯ ಡಬ್ಬಿ, ಅವಳು ಎಲ್ಲಿಟ್ಟರೂ ಹಿಂದೆಯೇ ಬೀಗ. ಮನೆಯಲ್ಲಿ ಅವರು ಮಾತು ಕಮ್ಮಿ ಮಾಡಿದರು. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಜಾರಿತು ಎಂದರು. ವಿರಹ ಇರಬೇಕೆಂದು ನಾನು ಮನಸ್ಸಿನಲ್ಲೇ ಹಂಗಿಸಿದೆ.

ಒಂಬತ್ತನೆಯ ದಿನ ನಾಲ್ಕು ಗಂಟೆಗೆ ನನ್ನ ಪರದೆಯಲ್ಲಿ ಎಪ್ಪತ್ತಾರು ಕೆಂಪಾಯಿತು. ಅಶೋಕ ರಸ್ತೆಯ ರೈಲ್ವೆ ಗೇಟು ತೆರೆದಾಗ ಗಾಡಿಗಳ ನಡುವೆ ಆಟೊ ಗಕ್ಕನೆ ಮುಂದೆ ಹಾರಿ ಗಕ್ಕನೆ ನಿಂತಿತ್ತು. ಹಿಂದೆ ಕೂತಿದ್ದ ನಿವೃತ್ತ ಶಿಕ್ಷಕಿ ಚನ್ನಬಸಮ್ಮನವರ ಮಣಿಕಟ್ಟು ಮುಂದಿನ ಕಂಬಿಗೆ ಬಡಿದು ಮುರಿದಿತ್ತು. ಕೊಟ್ರೇಶಪ್ಪನವರಿಗೆ ಏನೂ ಆಗಿರಲಿಲ್ಲ. ಅವರೇ ಇನ್ನೊಂದು ಆಟೊದಲ್ಲಿ ಟೀಚರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವರ ಗಾಡಿಯಲ್ಲಿದ್ದ ಡಬ್ಬಿಯನ್ನು ಕಂಪನಿಯವರು ಬಿಚ್ಚಿ ತಂದು ಸೀಲು ಹಾಕಿದರು.

ಮರುದಿನ ಬೆಳಿಗ್ಗೆ ಇನಾಯತುಲ್ಲಾ ಆ ಡಬ್ಬಿಯ ದಾಖಲೆ ತೆಗೆದರು. ನನ್ನ ಗಂಡನ ಗಾಡಿ ಎಂದು ಅವರಿಗೆ ಗೊತ್ತು, ಬೇಕಿದ್ದರೆ ಹೊರಗಿರಿ ಎಂದರು. ನಾನು ಕೂತೇ ಇದ್ದೆ. ಪರದೆಯ ಮೇಲೆ ಎರಡು ಗೆರೆ ಬಂದವು. ಮೇಲಿನದು ಹ್ಯಾಂಡಲ್ ತಿರುವಿದ ಕೈ, ಕೆಳಗಿನದು ಮೋಟಾರಿಗೆ ಹೋದದ್ದು. ಮೇಲಿನ ಗೆರೆ ನೇರವಾಗಿರಲಿಲ್ಲ. ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಏರಿಳಿತ, ಎಲ್ಲವೂ ಒಂದೇ ಅಳತೆ, ಮಧ್ಯಾಹ್ನದಿಂದ ಸಂಜೆಯವರೆಗೆ ಬಿಡುವಿಲ್ಲದೆ. ಕೆಳಗಿನದೂ ಅದರ ಹಾಗೆಯೇ ಕುಣಿದಿತ್ತು.

"ಇದು ಗಾಡಿ ದೋಷ ಅಲ್ಲ, ರಸ್ತೆನೂ ಅಲ್ಲ," ಎಂದರು ಇನಾಯತುಲ್ಲಾ. "ಸೆಕೆಂಡಿಗೆ ಐದು ಸಲ. ಇದು ಕೈ ನಡುಕ ಅಮ್ಮ. ನಿಮ್ಮ ಯಜಮಾನರಿಗೆ ಕೈ ನಡುಗ್ತದೆ."

ನಾನು ಇಲ್ಲ ಎಂದೆ. ಮನೆಯಲ್ಲಿ ನೋಡಿಲ್ಲ ಎಂದೆ. ಹೇಳುತ್ತಿದ್ದಂತೆ ಟೀ ಶರ್ಟು ನೆನಪಾಯಿತು. ಗುಂಡಿ ಹಾಕಲು ಆಗದವರು ಟೀ ಶರ್ಟು ಹಾಕುತ್ತಾರೆ. ತುತ್ತು ಬಾಯಿಗೆ ಬರುವಷ್ಟರಲ್ಲಿ ಉದುರುವವರು ಹೊರಗೆ ಊಟವಾಯಿತು ಎನ್ನುತ್ತಾರೆ. ಪಿನ್ನು ಹಿಡಿಯಲಾರದವರು ಹೂವನ್ನು ಟಿ.ವಿ. ಮೇಲೆ ಇಡುತ್ತಾರೆ.

ಇನಾಯತುಲ್ಲಾ ಹಿಂದಿನ ತಿಂಗಳುಗಳ ದಾಖಲೆ ತೆರೆದರು. ಅಲ್ಲಿಯೂ ಮೇಲಿನ ಗೆರೆ ನಡುಗುತ್ತಿತ್ತು, ಆದರೆ ಕೆಳಗಿನ ಗೆರೆ ಎಳೆದ ದಾರದಂತೆ ನಯವಾಗಿತ್ತು. ಸಕ್ಕುಬಾಯಿಯ ಕೈಗುಣ ಡಬ್ಬಿಯೊಳಗೆ ಕೂತು ನನ್ನ ಗಂಡನ ನಡುಕವನ್ನು ತಿದ್ದಿ ತಿದ್ದಿ ಮೋಟಾರಿಗೆ ಕಳಿಸಿತ್ತು. ಬೇರೆಯವರ ಒರಟು ಕೈಗೆ ಅದನ್ನು ತಿದ್ದುವಷ್ಟು ನಯವಿರಲಿಲ್ಲ. ನಲವತ್ತು ಕಿಲೋಮೀಟರು ಆಗುತ್ತಲೇ ಅವರು ಡಬ್ಬಿ ಬದಲಿಸುತ್ತಿದ್ದದ್ದು ಆ ಕೈ ಸವೆಯುವ ಮೊದಲು ಇನ್ನೊಂದು ಸಿಗಲಿ ಎಂದು.

"ಹಾಗಾದರೆ ಈ ಒಂಬತ್ತು ದಿನ ಯಾಕೆ ಸಿಗಲಿಲ್ಲ," ಎಂದು ತಮಗೆ ತಾವೇ ಕೇಳಿಕೊಂಡು ಅವರು ಕಟ್ಟೆಯ ದಾಖಲೆ ತೆಗೆದರು. ಹದಿನೆಂಟು ತಪಾಸಣೆ. ಹದಿನೆಂಟರಲ್ಲೂ ಕಾರಣ ಬಿಸಿ. ಹದಿನೆಂಟರ ಎದುರಿಗೂ ನನ್ನ ಹೆಸರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ನಾನು ಬರೆಯಬೇಕೋ, ನೀವೇ ಬರೆಯುತ್ತೀರೋ, ನಾಳೆ ಬೆಳಿಗ್ಗೆವರೆಗೆ ಯೋಚನೆ ಮಾಡಿ ಎಂದರು.

ಮನೆಗೆ ಹೋದಾಗ ಕೊಟ್ರೇಶಪ್ಪ ಬಾಗಿಲಲ್ಲಿ ಕೂತಿದ್ದರು. ಎದುರು ಕೂತು ಅವರ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದೆ. ಅವರು ಬಿಡಿಸಿಕೊಳ್ಳಲಿಲ್ಲ. ಕೈ ನನ್ನ ಅಂಗೈಯಲ್ಲಿ ಹಕ್ಕಿ ಮರಿಯಂತೆ ನಡುಗುತ್ತಿತ್ತು. ಗುಂಡಿ ಒತ್ತಿದ್ದು ನಾನೇ ಎಂದು ಹೇಳಿದೆ, ಯಾಕೆ ಎಂದೂ ಹೇಳಿದೆ. ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಟೀಚರಿಗೆ ಅರವತ್ತೆಂಟು ವಯಸ್ಸು ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು.

ಆದರೂ ನನ್ನ ಹೊಟ್ಟೆಯ ಕಿಚ್ಚು ಆರಿರಲಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದೂ ಕೇಳಿದೆ.

"ಆಕಿಗೆ ಹೇಳಿದಿರಿ. ನನಗ್ಯಾಕೆ ಹೇಳಲಿಲ್ಲ?"

"ಆಕಿಗೆ ನಾನು ಹೇಳ್ಲಿಲ್ಲ ಅನಸೂಯಾ. ಡಬ್ಬಿ ಹೇಳ್ತು."

ಅವರು ವಿವರಿಸಿದರು. ನಡುಕ ಶುರುವಾದ ಹೊಸದರಲ್ಲಿ ಅವರು ಇಟ್ಟು ಹೋದ ಒಂದು ಡಬ್ಬಿ ಸಕ್ಕುಬಾಯಿಗೆ ಸಿಕ್ಕಿತ್ತು. ಅವರ ಕೈ ಅದರಲ್ಲಿ ಉಳಿದಿತ್ತು. ಬೇರೆಯವರಿಗೂ ಅಂಥ ಡಬ್ಬಿ ಸಿಕ್ಕಿತ್ತು, ಅವರು ಮಹಾನಗರಪಾಲಿಕೆಯ ರಸ್ತೆಯನ್ನು ಬೈದು ಸುಮ್ಮನಾಗಿದ್ದರು. ಅವಳು ಮಾತ್ರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡಲ್ ಮೇಲೆ ಕೈಯಿಟ್ಟುಕೊಂಡು ಕೂತಳಂತೆ. ತಾಂಡಾದಲ್ಲಿ ಅವಳ ತಂದೆಗೂ ಹೀಗೆಯೇ ನಡುಗುತ್ತಿತ್ತು. ಈ ಡಬ್ಬಿ ಯಾರಿಟ್ಟದ್ದು ಎಂದು ಕಟ್ಟೆಯಲ್ಲಿ ಕೇಳಿಕೊಂಡು ಹುಡುಕಿ ಬಂದು, ಅಣ್ಣಾ, ನಿಮ್ಮ ಕೈಗೆ ಏನಾಗೈತಿ ಎಂದು ಕೇಳಿದ್ದಳು. ನನ್ನ ಡಬ್ಬಿ ತಗೊಳ್ರಿ, ಅಷ್ಟರಲ್ಲಿ ಡಾಕ್ಟರಿಗೆ ತೋರಿಸ್ರಿ ಎಂದಿದ್ದಳು. ಡಬ್ಬಿ ತೆಗೆದುಕೊಂಡರು, ಡಾಕ್ಟರನ್ನು ಮುಂದಕ್ಕೆ ಹಾಕಿದರು.

"ನಿನಗೆ ಹೇಳಿದ್ರೆ ನೀನು ಬರೀಬೇಕಾಗ್ತಿತ್ತು," ಎಂದರು. "ಚಾಲಕನಿಗೆ ಕಾಯಿಲೆ ಐತಿ ಅಂತ ಗೊತ್ತಾದ್ರೆ ಕಂಟ್ರೋಲ್ ರೂಮಿನವರು ಬರೀಬೇಕು ಅಂತ ನೀನೇ ಹೇಳಿದ್ದಿ. ಬರೆದ್ರೆ ನನ್ನ ಪರ್ಮಿಟ್ ಹೋಗ್ತಿತ್ತು. ಬರೀದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಅದಕ್ಕ ಸುಮ್ಮನಿದ್ದೆ."

ನನಗೆ ಅಳು ಬಂತು. ಪಶ್ಚಾತ್ತಾಪದಿಂದ ಎಂದು ಹೇಳಿದರೆ ಅರ್ಧ ಸುಳ್ಳು. ಇಪ್ಪತ್ತಾರು ವರ್ಷ ಒಂದೇ ಮಂಚದ ಮೇಲೆ ಮಲಗಿದ ನನಗೆ ಗೊತ್ತಾಗದ ಕೈ, ಊರಾಚೆಯ ಒಬ್ಬ ಹೆಂಗಸಿಗೆ ಕಬ್ಬಿಣದ ಹ್ಯಾಂಡಲ್ ಮೂಲಕ ಗೊತ್ತಾಯಿತಲ್ಲ ಎಂಬ ಹೊಟ್ಟೆಕಿಚ್ಚು ಅದು. ಅವರು ಎಲ್ಲಿದ್ದಾರೆಂದು ನಾನು ದಿನಾ ಪರದೆಯಲ್ಲಿ ನೋಡಿದ್ದೆ. ಅದೇ ಪರದೆಯಲ್ಲಿ ಇನ್ನೊಂದು ಗುಂಡಿ ಒತ್ತಿದ್ದರೆ ಅವರ ಕೈಯ ಗೆರೆ ಬರುತ್ತಿತ್ತು. ಅದನ್ನು ಒಂದು ದಿನವೂ ಒತ್ತಿರಲಿಲ್ಲ.

ಮರುದಿನ ಎರಡನ್ನೂ ನಾನೇ ಬರೆದೆ, ಅವರ ನಡುಕವನ್ನೂ ನನ್ನ ಹದಿನೆಂಟು ಸುಳ್ಳನ್ನೂ. ಅವರ ಪರ್ಮಿಟ್ ಹೋಯಿತು, ನನ್ನ ಕುರ್ಚಿ ಹೋಯಿತು. ಇಬ್ಬರೂ ಚನ್ನಬಸಮ್ಮ ಟೀಚರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆವು. ಟೀಚರು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕೈ ಕೂಡುವವರೆಗೆ ದಿನಾ ಬಂದು ಜಡೆ ಹಾಕಿಕೊಟ್ಟು ಹೋಗು ಎಂದು ನನಗೆ ಹೇಳಿದರು. ಆರು ವಾರ ಹೋದೆ.

ಡಾಕ್ಟರು ಕೊಟ್ರೇಶಪ್ಪನವರಿಗೆ ಮಾತ್ರೆ ಕೊಟ್ಟರು. ನಡುಕ ಕಮ್ಮಿಯಾಗುತ್ತದೆ, ಹೋಗುವುದಿಲ್ಲ ಎಂದರು. ಗಾಡಿ ಮನೆಯ ಮುಂದೆ ನಿಂತಿತ್ತು. ಮಾರುವ ಮಾತು ಬಂದಾಗ ನಾನು ಓಡಿಸುತ್ತೇನೆ ಎಂದೆ. ಅವರೇ ಕಲಿಸಿದರು, ಹಿಂದೆ ಕೂತು, ಮಾತಿನಲ್ಲೇ. ನನ್ನ ಕೈ ಸಿಟ್ಟಿನ ಕೈ. ಗಾಡಿ ಎಗರುತ್ತಿತ್ತು. ಎರಡು ತಿಂಗಳಲ್ಲಿ ಲೈಸೆನ್ಸು ಬಂತು. ಪರ್ಮಿಟ್ ನನ್ನ ಹೆಸರಿಗೆ ಆಗುವ ಹಿಂದಿನ ದಿನ ಕಂಪನಿಗೆ ಹೋಗಿ ಇನಾಯತುಲ್ಲಾ ಅವರನ್ನು ಕಂಡೆ. ಸೀಲು ಹಾಕಿಟ್ಟ ಆ ಡಬ್ಬಿ ಏನಾಯಿತು ಎಂದು ಕೇಳಿದೆ. ವಿಚಾರಣೆ ಮುಗಿದಿತ್ತು. ತಲೆ ಅಳಿಸಿ ಕಟ್ಟೆಗೆ ಕಳಿಸುವುದಿತ್ತು.

ಅಳಿಸುವ ಮೊದಲು ಒಂದು ದಿನಕ್ಕೆ ನನಗೆ ಕೊಡಿ ಎಂದೆ.

ಅವರು ಬಾಡಿಗೆಗೆ ಯಾರನ್ನೂ ಕೂರಿಸಬಾರದು, ಊರೊಳಗೆ ಸುತ್ತಾಡಬಾರದು, ಸಂಜೆ ಜಯದೇವ ಸರ್ಕಲ್ಲಿನ ಕಟ್ಟೆಗೆ ತಂದೊಪ್ಪಿಸಬೇಕು ಎಂದು ಬರೆಸಿಕೊಂಡು ಡಬ್ಬಿ ಎತ್ತಿ ಕೊಟ್ಟರು.

ಅಂದು ಶುಕ್ರವಾರ. ಕೊಟ್ರೇಶಪ್ಪನವರನ್ನು ಹಿಂದೆ ಕೂರಿಸಿಕೊಂಡು ಕುಂದವಾಡ ಕೆರೆಯ ಕಡೆ ಹೊರಟೆ. ಹ್ಯಾಂಡಲ್ ತಿರುವಿದ ಕೂಡಲೇ ಗಾಡಿ ಸಣ್ಣಗೆ ನಡುಗತೊಡಗಿತು. ಸೆಕೆಂಡಿಗೆ ಐದು ಸಲ. ನನ್ನ ಅಂಗೈಯ ಕೆಳಗೆ ಅವರ ಕೈಯಿತ್ತು. ಅವರು ಕೊನೆಯ ಸಲ ಗಾಡಿ ಓಡಿಸಿದ ದಿನದ ಕೈ, ಭಯದಿಂದ ಇನ್ನಷ್ಟು ನಡುಗುತ್ತಿದ್ದ ಕೈ, ಗೇಟಿನ ಹತ್ತಿರದ ಆ ಸಂಜೆಯ ಕೈ. ಸಕ್ಕುಬಾಯಿಗೆ ಗೊತ್ತಾಗಿದ್ದು ಇದೇ. ಈಗ ನನಗೂ ಗೊತ್ತಾಯಿತು.

ಕೆರೆಯ ಏರಿಯ ಮೇಲೆ ಅವರು ಹಿಂದಿನಿಂದ ಬಾಗಿ ಕೇಳಿದರು.

"ಗಾಡಿ ಯಾಕ ಹಿಂಗ ನಡುಗ್ತೈತಿ? ಇದು ನನ್ನ ಡಬ್ಬಿ ಅಲ್ಲೇನು? ಬ್ಯಾಡ ಅನಸೂಯಾ, ತೆಗಿ ಅದನ್ನ. ಆಕಿದು ಹಾಕು, ಸುಖವಾಗಿ ಹೋಗ್ತೈತಿ."

"ಅರವತ್ತು ಕಿಲೋಮೀಟರು ಐತಿ," ಎಂದೆ. "ಅಲ್ಲೀವರೆಗೂ ಇದು ನಂದು."

ಕೆರೆ ಸುತ್ತಿದೆವು, ಬಾತಿ ಗುಡ್ಡದ ಕಡೆ ಹೋದೆವು, ಹಳ್ಳಿಯ ದಾರಿಗಳಲ್ಲಿ ಗೊತ್ತುಗುರಿಯಿಲ್ಲದೆ ಸುತ್ತಿದೆವು. ಇಪ್ಪತ್ತನೇ ಕಿಲೋಮೀಟರಿಗೆ ನಡುಕ ಸಣ್ಣದಾಯಿತು. ನಿಧಾನ ಓಡಿಸಿದರೆ ಹೆಚ್ಚು ಹೊತ್ತು ಉಳಿಯುತ್ತದೇನೋ ಎಂದು ನಿಧಾನ ಓಡಿಸಿದೆ. ನಲವತ್ತಕ್ಕೆ ಗಮನವಿಟ್ಟರೆ ಮಾತ್ರ ತಿಳಿಯುವಷ್ಟು. ಅರವತ್ತು ತುಂಬುವ ಮೊದಲೇ ಅದು ನಿಂತುಹೋಯಿತು. ಹ್ಯಾಂಡಲ್ಲಿನಲ್ಲಿ ನನ್ನ ಒರಟು ಕೈ ಒಂದೇ ಉಳಿಯಿತು, ಗಾಡಿ ಎಗರಿತು.

ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಹಿಂದೆ ತಿರುಗಿದೆ. ಡಬ್ಬಿಯಲ್ಲಿ ನಿಂತದ್ದು ಅಲ್ಲಿ ನಿಂತಿರಲಿಲ್ಲ. ಅವರ ಬಲಗೈ ತೊಡೆಯ ಮೇಲೆ ನಡುಗುತ್ತಲೇ ಇತ್ತು. ಈ ಸಲ ಅವರು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ನಾನು ಹಿಂದಿನ ಸೀಟಿಗೆ ಹೋಗಿ ಅವರ ಪಕ್ಕ ಕೂತು, ಚೀಲದಿಂದ ಬೆಳಿಗ್ಗೆ ಕೊಂಡಿದ್ದ ಮಲ್ಲಿಗೆ ತೆಗೆದೆ. ಪಿನ್ನನ್ನೂ ಹೂವನ್ನೂ ಅವರ ಕೈಗೆ ಕೊಟ್ಟು ಬೆನ್ನು ತಿರುಗಿಸಿದೆ.

ಆಗುವುದಿಲ್ಲ ಎಂದರು. ಕಾಯುತ್ತೇನೆ ಎಂದೆ. ಪಿನ್ನು ಎರಡು ಸಲ ಕೆಳಗೆ ಬಿತ್ತು. ಒಂದು ಸಲ ನನ್ನ ಕತ್ತಿಗೆ ಚುಚ್ಚಿತು, ನಾನು ಹೇಳಲಿಲ್ಲ. ಎಷ್ಟು ಹೊತ್ತಾಯಿತೋ, ಕುರಿ ಹಿಂಡೊಂದು ಬಂದು ನಮ್ಮನ್ನು ದಾಟಿ ಹೋಯಿತು. ಕೊನೆಗೆ ಅವರು ಉಸಿರು ಬಿಟ್ಟು, ಆಯ್ತು ಎಂದರು.

ಹಿಂತಿರುಗಿ ಜಯದೇವ ಸರ್ಕಲ್ಲಿನ ಕಟ್ಟೆಗೆ ಬಂದು, ಅಲ್ಲಿ ಕಾಯುತ್ತಿದ್ದ ಕಂಪನಿಯವರಿಗೆ ಡಬ್ಬಿ ಒಪ್ಪಿಸಿದೆ. ಅದರಲ್ಲಿ ಅಳಿಸುವಂಥದ್ದು ಏನೂ ಉಳಿದಿರಲಿಲ್ಲ. ಹೊಸ ಡಬ್ಬಿಗಾಗಿ ಸಾಲಿನಲ್ಲಿ ನಿಂತೆ. ನನ್ನ ಹಿಂದೆಯೇ ಸಕ್ಕುಬಾಯಿ ನಿಂತಿದ್ದಳು. ಕ್ಯಾಮೆರಾದಲ್ಲಿ ಕಂಡದ್ದಕ್ಕಿಂತ ಸಣಕಲು, ಕಣ್ಣಿನ ಕೆಳಗೆ ಕಪ್ಪು. ಹದಿನೆಂಟು ಸಲ ಅವಳ ಡಬ್ಬಿಗೆ ಬೀಗ ಹಾಕಿದವಳು ನಾನೆಂದು ಅವಳಿಗೆ ಗೊತ್ತಿತ್ತು. ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು, ಅಣ್ಣ ಹೇಗಿದ್ದಾರೆ ಎಂದು ಕೇಳಿದಳು. ಆಟೊದಲ್ಲಿ ಕೂತಿದ್ದಾರೆ, ಹೋಗಿ ಮಾತಾಡು ಎಂದೆ. ಅಷ್ಟು 'ದೊಡ್ಡ ಮನಸ್ಸು' ನನಗೆ ಬಂದಿತ್ತು.

ಬಾಗಿಲು ತೆರೆಯಿತು. ನಾನು ಬಗ್ಗಿ ಡಬ್ಬಿ ತೆಗೆಯುವಾಗ ಅವಳ ಕಣ್ಣು ನನ್ನ ಜಡೆಯ ಮೇಲೆ ಬಿತ್ತು.

"ಅಕ್ಕಾ, ಹೂವು ಪೂರಾ ಸೊಟ್ಟಗೈತಿ. ಬೀಳ್ತೈತಿ. ಸರಿ ಮಾಡ್ಲೇನು?" ಎಂದು, ಊರಿಗೆಲ್ಲ ಬೇಕಾದ ಆ ನಯವಾದ ಕೈಯನ್ನು ಚಾಚಿದಳು.

ನಾನು ಡಬ್ಬಿ ಹಿಡಿದುಕೊಂಡೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

"ಮುಟ್ಟಬ್ಯಾಡ," ಎಂದೆ. "ಇರಲಿ ಹಂಗೇ."